ಅಗ್ಗದ ಟೂ-ಇನ್-ಒನ್ ಲ್ಯಾಪ್‌ಟಾಪ್: ಏನು ಸೇರಿತು, ಏನು ಕಳೆಯಿತು?



ಈ ಭಾಷಣ ಮಾಲಿಕೆಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪರೀಕ್ಷೆ, ಪ್ರವೇಶ, ಉದ್ಯೋಗಗಳನ್ನು ಕುರಿತವು. ಅರಸೀಕೆರೆ ಹತ್ತಿರದ ಮಾಲೇಕಲ್ಲಿನಿಂದ ಬಂದ ಪತ್ರವೊಂದು ಬೇರೆ ಬಗೆಯದು. ಬರೆದವಳು ಬಿ.ಎಸ್‌ಸಿ. ಮೊದಲ ವರ್ಷದ ವಿದ್ಯಾರ್ಥಿನಿ. ಭೌತಶಾಸ್ತ್ರ ಮತ್ತು ಗಣಿತ ಓದುತ್ತಿದ್ದಾಳೆ. ಕೊಬ್ಬರಿ ಮಾರಿದ ಹಣದಲ್ಲಿ ತಂದೆ ಇಪ್ಪತ್ತೆಂಟು ಸಾವಿರ ರೂಪಾಯಿಯನ್ನು ಅವಳ ಲ್ಯಾಪ್‌ಟಾಪಿಗೆಂದು ಎತ್ತಿಟ್ಟಿದ್ದಾರೆ. ಅಂಗಡಿಯವರು ಅದೇ ಬೆಲೆಗೆ ಎರಡು ಯಂತ್ರ ತೋರಿಸಿದರಂತೆ. ಒಂದು ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಲ್ಯಾಪ್‌ಟಾಪ್. ಇನ್ನೊಂದರ ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಿದರೆ ಸ್ಲೇಟಿನಂತಾಗುತ್ತದೆ. ಬೆರಳಿನಿಂದ ಮುಟ್ಟಬಹುದು, ಪೆನ್ನಿನಿಂದ ಬರೆಯಬಹುದು. “ಎರಡನೆಯದೇ ಇಷ್ಟವಾಗಿದೆ. ಆದರೆ ಡಿಗ್ರಿ ಮುಗಿಯುವ ತನಕ ಇನ್ನೊಂದು ಕೊಳ್ಳುವ ಹಾಗಿಲ್ಲ. ಯಾವುದನ್ನು ತೆಗೆದುಕೊಳ್ಳಲಿ?” ಎಂಬುದು ಅವಳ ಪ್ರಶ್ನೆ.

ಇದು ಒಬ್ಬಳ ಪ್ರಶ್ನೆಯಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಒಂದು ಬೆಳೆಯ ಹಣ, ಒಂದು ಚೀಟಿಯ ಹಣ ಇಂಥ ಒಂದೇ ಒಂದು ಯಂತ್ರಕ್ಕೆ ಹೋಗುತ್ತದೆ. ಆದ್ದರಿಂದ ಇಂದು ಈ ಮಡಚುವ ಲ್ಯಾಪ್‌ಟಾಪನ್ನು ವಿಜ್ಞಾನದ ವಿದ್ಯಾರ್ಥಿಗಳಂತೆ ಪರೀಕ್ಷಿಸೋಣ. ನಮ್ಮ ತಂಡ ಚಿತ್ರೀಕರಣಕ್ಕೆಂದು ಅರಸೀಕೆರೆ ಕಡೆಗೆ ಹೊರಟಾಗ ಅದೇ ದರ್ಜೆಯ ಒಂದು ಯಂತ್ರವನ್ನು ಎರವಲು ಪಡೆದು ಐದು ದಿನ ಜೊತೆಯಲ್ಲಿಟ್ಟುಕೊಂಡೆ. ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಈ ಬೆಲೆಯ ಯಂತ್ರಗಳೆಲ್ಲ ಹೆಚ್ಚುಕಡಿಮೆ ಅಣ್ಣತಮ್ಮಂದಿರಂತೆ ಇರುತ್ತವೆ: 11.6 ಅಂಗುಲದ ಪರದೆ, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಎರಡು ಕೋರ್‌ಗಳ ಸಣ್ಣ ಸಂಸ್ಕಾರಕ.

‘ಟೂ-ಇನ್-ಒನ್’ ಎಂಬ ಮಾತು ನಿಮ್ಮ ತಂದೆತಾಯಿಯರಿಗೆ ಹೊಸದಲ್ಲ. ಅವರ ಕಾಲದಲ್ಲಿ ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದೇ ಪೆಟ್ಟಿಗೆಯಲ್ಲಿ ಇರುವುದಕ್ಕೆ ಆ ಹೆಸರಿತ್ತು. ಅದರ ಲೆಕ್ಕ ಸರಳ. ಸ್ಪೀಕರು ಒಂದೇ, ಧ್ವನಿವರ್ಧಕ ಒಂದೇ, ವಿದ್ಯುತ್ ಪೂರೈಕೆ ಒಂದೇ, ಹಂಚಿಕೊಂಡಷ್ಟೂ ಉಳಿತಾಯ. ಟೇಪಿನ ಬೆಲ್ಟು ಹರಿದರೆ ಮಾತ್ರ ರೇಡಿಯೋ ಕೂಡ ರಿಪೇರಿ ಅಂಗಡಿಗೆ ಹೋಗುತ್ತಿತ್ತು. ಮನೆಯಲ್ಲಿ ವಾರ್ತೆ ಇಲ್ಲ, ಹಾಡೂ ಇಲ್ಲ. ಇಂದಿನ ಟೂ-ಇನ್-ಒನ್ ಕೂಡ ಇದೇ ಜಾತಿಯದು. ಇದರಲ್ಲಿ ಹಂಚಿಕೆಯ ಉಳಿತಾಯವಿದೆ, ಜೊತೆಗೆ ಹೆಚ್ಚುವರಿ ಖರ್ಚೂ ಇದೆ: 360 ಡಿಗ್ರಿ ತಿರುಗುವ ಕೀಲು, ಪರದೆಯ ಮೇಲೆ ಸ್ಪರ್ಶದ ಪದರ, ಅದರ ಮೇಲೆ ಗಾಜು, ಪೆನ್ನನ್ನು ಗುರುತಿಸುವ ವ್ಯವಸ್ಥೆ. ಇವಕ್ಕೆಲ್ಲ ಹಣ ಬೇಕು. ಬೆಲೆ ಮಾತ್ರ ಪಕ್ಕದ ಸಾಮಾನ್ಯ ಲ್ಯಾಪ್‌ಟಾಪಿನಷ್ಟೇ. ಹಾಗಾದರೆ ಆ ಹಣ ಎಲ್ಲಿಂದ ಬಂತು? ಬೇರೆ ಯಾವುದೋ ಭಾಗದಿಂದ ಕಳೆದಿದ್ದಾರೆ. ಕಳೆದದ್ದು ಯಾವುದು ಎಂದು ಪತ್ತೆ ಹಚ್ಚುವುದೇ ಪರೀಕ್ಷೆ. ಸೇರಿಸಿದ್ದನ್ನು ಅಂಗಡಿಯವರೇ ತೋರಿಸುತ್ತಾರೆ.

ಇಂಥ ಕೂಡಿಸಿ ಕಳೆಯುವ ಲೆಕ್ಕವನ್ನು ನಮ್ಮ ಬೆಂಗಳೂರಿನಲ್ಲೇ ಬಹಳ ಹಿಂದೆ ಮಾಡಿದವರಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಸಂಗಡಿಗರೂ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. 2004ರಲ್ಲಿ ‘ಅಮಿಡಾ’ ಎಂಬ ಹೆಸರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು. ಅತಿ ಕಡಿಮೆಯದರ ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸು. ಅದರಲ್ಲಿ ಕೀಲಿಮಣೆ ಇರಲಿಲ್ಲ. ಪರದೆ ಅಂಗೈಯಗಲ. ಆದರೆ ಅವರು ಬೆಲೆಗಿಂತ ಮೊದಲು ಬಳಸುವವರ ಬಗ್ಗೆ ಯೋಚಿಸಿದ್ದರು. ಒಂದು ಹಳ್ಳಿಗೆ ಒಂದೇ ಯಂತ್ರವಿದ್ದರೂ ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ ಇರಲಿ, ಓದು ಬಾರದವರಿಗೆ ಯಂತ್ರ ಅವರ ಭಾಷೆಯಲ್ಲಿ ಓದಿ ಹೇಳಲಿ, ಕಡ್ಡಿಯಿಂದ ಪರದೆಯ ಮೇಲೆ ಗೀಚಿದರೆ ಸಾಕಾಗಲಿ ಎಂಬುದು ಅವರ ಉದ್ದೇಶ. ಅಮಿಡಾದಲ್ಲಿ ಓರೆಯನ್ನು ಅರಿಯುವ ವೇಗೋತ್ಕರ್ಷ ಮಾಪಕವೂ ಇತ್ತು. ಯಂತ್ರವನ್ನು ಬಾಗಿಸಿದರೆ ಪುಟ ತಿರುಗುತ್ತಿತ್ತು. ಇಂದು ನಿಮ್ಮ ಮೊಬೈಲನ್ನು ಅಡ್ಡ ಹಿಡಿದೊಡನೆ ಚಿತ್ರ ಅಡ್ಡವಾಗುವುದು ಅದೇ ತತ್ತ್ವದಿಂದ. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ, ಮೊಬೈಲ್ ಫೋನು ಅದನ್ನು ದಾಟಿಹೋಯಿತು, ನಿಜ. ಆದರೂ ಯಾವುದನ್ನು ಕಳೆಯಬಹುದು, ಯಾವುದನ್ನು ಕಳೆಯಬಾರದು ಎಂಬ ವಿವೇಚನೆಯಲ್ಲಿ ಅದು ಇಂದಿಗೂ ಪಾಠವೇ.

ಇದಕ್ಕೆ ವಿರುದ್ಧವಾದದ್ದು 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’. ವಿದ್ಯಾರ್ಥಿಗಳಿಗೆಂದೇ ಮಾಡಿಸಿದ ಆ ಟ್ಯಾಬ್ಲೆಟ್ಟಿನಲ್ಲಿ ಬೆಲೆ ಮೊದಲು ನಿಗದಿಯಾಯಿತು, ಯಂತ್ರ ಆಮೇಲೆ ಬಂತು. 256 ಎಂಬಿ ಸ್ಮೃತಿ; ಸ್ಪರ್ಶಕ್ಕೆ ರೋಧ ತತ್ತ್ವದ ಪರದೆ. ಎಂದರೆ, ಎರಡು ತೆಳು ಪದರಗಳು ಒಂದಕ್ಕೊಂದು ತಾಗುವಂತೆ ಒತ್ತಬೇಕು. ನೀವು ಈಗ ಬಳಸುವ ಧಾರಕತೆಯ ಪರದೆಗೆ ಬೆರಳು ಸೋಕಿದರೆ ಸಾಕು; ಬೆರಳು ಬಂದಲ್ಲಿ ವಿದ್ಯುದಾವೇಶದ ಹಂಚಿಕೆ ಬದಲಾಗುತ್ತದೆ, ಯಂತ್ರ ಆ ಬದಲಾವಣೆಯನ್ನು ಅಳೆಯುತ್ತದೆ. ಆಕಾಶ್ ಹಿಡಿದವರಿಗೆ ಒತ್ತಿ ಒತ್ತಿ ಬೆರಳು ಸೋಲುತ್ತಿತ್ತು. ಮುಂದಿನ ವರ್ಷದ ಆಕಾಶ್-2ರಲ್ಲಿ ಧಾರಕತೆಯ ಪರದೆಯನ್ನೇ ಹಾಕಬೇಕಾಯಿತು.

ಈಗ ನಮ್ಮ ಯಂತ್ರಕ್ಕೆ ಬರೋಣ.

ಮೊದಲು ಕೀಲು. ಲ್ಯಾಪ್‌ಟಾಪಿನಂತೆ ತೆರೆಯಬಹುದು, ಗುಡಾರದಂತೆ ನಿಲ್ಲಿಸಬಹುದು, ಕೀಲಿಮಣೆಯನ್ನು ಕೆಳಗೆ ಮಾಡಿ ಪರದೆಯನ್ನು ಎದುರಿಗೆ ಇಡಬಹುದು, ಪೂರ್ತಿ ಮಡಚಿ ಸ್ಲೇಟು ಮಾಡಬಹುದು. 2012ರಲ್ಲಿ ಲೆನೊವೊ ಕಂಪನಿಯ ಯೋಗ ಎಂಬ ಯಂತ್ರದಿಂದ ಈ ಬಗೆಯ ಕೀಲು ಜನಪ್ರಿಯವಾಯಿತು. ಹೆಸರಿಗೆ ತಕ್ಕ ಹಾಗೆ ಮೈ ಬಗ್ಗಿಸುವುದೇ ಅದರ ಗುಣ. ನೀವು ಮಡಚಿದ್ದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಇಂಥ ಅನೇಕ ಯಂತ್ರಗಳಲ್ಲಿ ಪರದೆಯ ಭಾಗದಲ್ಲೊಂದು, ಕೀಲಿಮಣೆಯ ಭಾಗದಲ್ಲೊಂದು ವೇಗೋತ್ಕರ್ಷ ಮಾಪಕ ಇರುತ್ತವೆ. ಎರಡೂ ಗುರುತ್ವದ ದಿಕ್ಕನ್ನು ಅಳೆಯುತ್ತವೆ. ಎರಡು ಉತ್ತರಗಳ ನಡುವಿನ ಕೋನವೇ ಕೀಲಿನ ಕೋನ. ಅದು ಒಂದು ಮಿತಿ ದಾಟಿದರೆ ಕೀಲಿಮಣೆ ತಾನಾಗಿ ಕೆಲಸ ನಿಲ್ಲಿಸುತ್ತದೆ. ಬಸ್ಸಿನ ಕುಲುಕಾಟದಲ್ಲಿ ಈ ಮಾಪಕಕ್ಕೆ ಗೊಂದಲವಾಗಿ ಪರದೆ ಆಗಾಗ ಅಡ್ಡ, ಉದ್ದ ತಿರುಗುತ್ತಿತ್ತು. ತಿರುಗದಂತೆ ಬೀಗ ಹಾಕುವ ಸೌಲಭ್ಯವಿದೆ, ಹುಡುಕಿಕೊಳ್ಳಿ.

ಕೀಲನ್ನು 25,000 ಬಾರಿ ಬಿಚ್ಚಿ ಮುಚ್ಚಿ ಪರೀಕ್ಷಿಸಿದ್ದೇವೆಂದು ತಯಾರಕರು ಹೇಳುವುದುಂಟು. ದಿನಕ್ಕೆ ಹತ್ತು ಬಾರಿ ಎಂದಿಟ್ಟುಕೊಂಡರೂ ಆರೂವರೆ ವರ್ಷಕ್ಕೆ ಮೇಲಾಯಿತು. ಲೋಹದ ಕೀಲು ಬಾಳಬಹುದು. ಆದರೆ ಅದರ ತಿರುಪುಗಳು ಕಚ್ಚಿಕೊಂಡಿರುವುದು ಪ್ಲಾಸ್ಟಿಕ್ಕನ್ನು. ಅಗ್ಗದ ಯಂತ್ರದಲ್ಲಿ ಮೊದಲು ಬಿರುಕು ಬಿಡುವುದು ಅಲ್ಲಿಯೇ. ಅಂಗಡಿಯಲ್ಲಿ ಪರದೆಯ ಒಂದು ಮೂಲೆಯನ್ನು ಮಾತ್ರ ಹಿಡಿದು ನಿಧಾನವಾಗಿ ತೆರೆಯಿರಿ. ಇನ್ನೊಂದು ಮೂಲೆ ಹಿಂದುಳಿದು ಚೌಕಟ್ಟು ತಿರುಚಿಕೊಂಡರೆ, ಮೂರು ವರ್ಷದ ಮಾತು ಕಷ್ಟ. ಮತ್ತೊಂದು ಪರೀಕ್ಷೆ: ಲ್ಯಾಪ್‌ಟಾಪಿನ ಭಂಗಿಯಲ್ಲಿ ಪರದೆಯ ಮೇಲ್ತುದಿಯನ್ನು ಬೆರಳಿನಿಂದ ತಟ್ಟಿ. ಬಾಗಿಲನ್ನು ಚಿಲಕದ ಕಡೆ ತಳ್ಳಿದ ಹಾಗೆ, ಕೀಲಿನಿಂದ ದೂರದಲ್ಲಿ ಕೊಟ್ಟ ಸಣ್ಣ ಬಲಕ್ಕೂ ತಿರುಗುಬಲ ದೊಡ್ಡದು. ಪರದೆ ತೂಗಾಡುತ್ತ ನಿಂತರೆ ಆ ಭಂಗಿಯಲ್ಲಿ ಸ್ಪರ್ಶದ ಉಪಯೋಗ ಅಷ್ಟಕ್ಕಷ್ಟೇ.

ಸ್ಲೇಟಿನ ಭಂಗಿಯ ಬಗ್ಗೆ ಒಂದು ಭ್ರಮೆ ಇದೆ. ಜಾಹೀರಾತಿನಲ್ಲಿ ಒಂದೇ ಕೈಯಲ್ಲಿ ಹಿಡಿದು ನಗುತ್ತ ನಿಂತಿರುತ್ತಾರೆ. ನಮ್ಮ ಯಂತ್ರದ ತೂಕ ಸುಮಾರು 1.4 ಕಿಲೋಗ್ರಾಂ, ಸುಲಿದ ತೆಂಗಿನಕಾಯಿ ಎರಡು ಮೂರರ ಭಾರ. ಹತ್ತು ನಿಮಿಷ ಹಾಗೆ ಹಿಡಿದು ನೋಡಿ. ಬರಿಯ ಟ್ಯಾಬ್ಲೆಟ್ಟಿನ ತೂಕ ಇದರ ಅರ್ಧಕ್ಕಿಂತ ಕಡಿಮೆ. ಆದ್ದರಿಂದ ಇದನ್ನು ಕೈಯಲ್ಲಿ ಹಿಡಿಯುವ ವಸ್ತುವೆಂದು ಭಾವಿಸಬೇಡಿ; ಮೇಜಿನ ಮೇಲೆ ಇಲ್ಲವೇ ತೊಡೆಯ ಮೇಲೆ ಇಟ್ಟು ಬರೆಯುವ ಮಣೆ ಎಂದುಕೊಳ್ಳಿ. ಕೀಲಿಮಣೆ ಕೆಳಗಾಗುವ ಭಂಗಿಯಲ್ಲಿ ಕೀಲಿಗಳು ನೇರವಾಗಿ ನೆಲವನ್ನು ತಾಗುತ್ತವೆ ಎಂಬುದೂ ನೆನಪಿರಲಿ. ಮಣ್ಣು, ಕಲ್ಲುಪುಡಿ ಇರುವ ಜಗಲಿಯ ಮೇಲೆ ಹಾಗಿಡುವ ಮೊದಲು ಒಂದು ಬಟ್ಟೆ ಹಾಸಿ.

ಮಾಲೇಕಲ್ಲು ತಿರುಪತಿಯ ಬೆಟ್ಟದ ಮೆಟ್ಟಿಲುಗಳನ್ನು ಏರುವಾಗ ಯಂತ್ರ ನನ್ನ ಚೀಲದಲ್ಲೇ ಇತ್ತು. ಮೇಲೆ ಬಯಲು ಬಂಡೆಯ ಮೇಲೆ ಕುಳಿತು ತೆರೆದರೆ ಪರದೆಯಲ್ಲಿ ಕಂಡದ್ದು ನನ್ನದೇ ಮುಖ, ಅದರ ಹಿಂದೆ ಮೋಡ. ಕಾರಣವನ್ನು ನೀವೇ ಲೆಕ್ಕ ಹಾಕಬಹುದು. ಇಂಥ ಪರದೆಯ ಹೊಳಪು 250 ನಿಟ್, ಎಂದರೆ ಚದರ ಮೀಟರಿಗೆ 250 ಕ್ಯಾಂಡೆಲಾ. ಹಗಲಿನ ಆಕಾಶದ ಹೊಳಪು ಅದೇ ಮಾನದಲ್ಲಿ 5,000 ಎಂದಿಟ್ಟುಕೊಳ್ಳಿ. ನಯವಾದ ಗಾಜಿನ ಮೇಲ್ಮೈ ಬಿದ್ದ ಬೆಳಕಿನ ನೂರಕ್ಕೆ ನಾಲ್ಕು ಪಾಲನ್ನು ಪ್ರತಿಫಲಿಸುತ್ತದೆ. ಅದು 200 ಆಯಿತು. ಪರದೆಯ ಬೆಳಕು 250, ಆಕಾಶದ ಪ್ರತಿಬಿಂಬ 200. ಅಕ್ಷರ ಎದ್ದು ಕಾಣುವುದು ಹೇಗೆ? ಸ್ಪರ್ಶದ ಪರದೆಗಳಿಗೆ ಸಾಮಾನ್ಯವಾಗಿ ಹೊಳೆಯುವ ಗಾಜೇ ಇರುವುದರಿಂದ ಈ ತೊಂದರೆ ಹೆಚ್ಚು. ಹೊಳಪಿಲ್ಲದ ಪರದೆಯ ಸಾಮಾನ್ಯ ಲ್ಯಾಪ್‌ಟಾಪ್ ಇಲ್ಲಿ ಮೇಲು. ತೋಟದಲ್ಲಿ, ಅಂಗಳದಲ್ಲಿ ಓದುವ ಅಭ್ಯಾಸವಿದ್ದವರು ಅಂಗಡಿಯ ಬಾಗಿಲ ಹೊರಗೆ ಯಂತ್ರವನ್ನು ತಂದು ನೋಡಲೇಬೇಕು. ಒಳಗಿನ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪರದೆಗಳೂ ಸುಂದರವೇ.

ಪರದೆಯ ಆಕಾರದ್ದು ಇನ್ನೊಂದು ಮಾತು, ಇದರಲ್ಲಿ ನಮ್ಮ ಟೆಲಿವಿಷನ್ ಜಗತ್ತಿನ ಪಾಲೂ ಇದೆ. ಅಗಲ 16, ಎತ್ತರ 9 ಎಂಬ ಅನುಪಾತ ಟೆಲಿವಿಷನ್ನಿಗೆ ಒಪ್ಪುತ್ತದೆ. ಪುಸ್ತಕದ ಪುಟಕ್ಕೆ ಒಪ್ಪುವುದಿಲ್ಲ. 11.6 ಅಂಗುಲದ ಈ ಪರದೆ ಸುಮಾರು 25.7 ಸೆಂಟಿಮೀಟರ್ ಅಗಲ, 14.4 ಸೆಂಟಿಮೀಟರ್ ಎತ್ತರ. ಅದನ್ನು ಪುಸ್ತಕದಂತೆ ಉದ್ದಕ್ಕೆ ಹಿಡಿದರೆ ಅಗಲ 14.4. ನಿಮ್ಮ ನೋಟ್ಸಿನ ಎ-4 ಪುಟದ ಅಗಲ 21. ಪುಟ ನೂರಕ್ಕೆ 69ಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ ಎಂಟು ಪಾಯಿಂಟಿನಷ್ಟಾಗುತ್ತದೆ. ಮೇಲೆ ಕೆಳಗೆ ಐದು ಸೆಂಟಿಮೀಟರ್ ಜಾಗ ಮಾತ್ರ ಖಾಲಿ. ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಕಣ್ಣಿಗೆ ಶ್ರಮ ಕೊಡುತ್ತವೆ. 16ಕ್ಕೆ 10 ಅಥವಾ 3ಕ್ಕೆ 2ರ ಅನುಪಾತದ ಪರದೆ ಸಿಕ್ಕರೆ ಓದುವವರಿಗೆ ಬಹಳ ಅನುಕೂಲ. ಬದಿಯಿಂದ ನೋಡಿದಾಗ ಬಣ್ಣ ಕೆಡುವ ಟಿಎನ್ ಬಗೆಯ ಪರದೆಯಂತೂ ತಿರುಗಿಸಿ ಮುರುಗಿಸಿ ಬಳಸುವ ಈ ಯಂತ್ರಕ್ಕೆ ತಕ್ಕುದೇ ಅಲ್ಲ. ಐಪಿಎಸ್ ಬಗೆಯದೇ ಇರಲಿ.

ಇಷ್ಟು ಹೊತ್ತು ದೋಷಗಳನ್ನೇ ಹೇಳಿದೆ. ಈ ಯಂತ್ರ ನಿಜವಾಗಿ ಗೆಲ್ಲುವುದು ಪೆನ್ನಿನಲ್ಲಿ.

ಅರಸೀಕೆರೆಯ ಶಿವಾಲಯವನ್ನು ನೋಡಿದ್ದೀರಾ? 1220ರ ಸುಮಾರಿನ ಹೊಯ್ಸಳ ಗುಡಿ. ಅದರ ಮುಂದಿನ ಮಂಟಪದ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಗುಡಿಯ ನೆರಳಿನಲ್ಲಿ ಕುಳಿತು ಅದನ್ನು ಪರದೆಯ ಮೇಲೆ ಬಿಡಿಸಲು ಪತ್ರ ಬರೆದ ವಿದ್ಯಾರ್ಥಿನಿಗೆ ಹೇಳಿದೆವು. ಒಂದು ಚೌಕ, ಅದೇ ಕೇಂದ್ರದ ಸುತ್ತ ಅದನ್ನು 22.5 ಡಿಗ್ರಿ ತಿರುಗಿಸಿ ಇನ್ನೊಂದು, ಮತ್ತೊಂದು, ಮಗದೊಂದು. ನಾಲ್ಕು ಚೌಕಗಳ ನಾಲ್ಕು ನಾಲ್ಕು ಮೂಲೆ, ಒಟ್ಟು ಹದಿನಾರು. ತಪ್ಪಿದ್ದನ್ನು ಅಳಿಸಿ, ದೊಡ್ಡದು ಮಾಡಿ, ಪಕ್ಕದಲ್ಲಿ ಕೋನಗಳನ್ನು ಬರೆದು ಇಪ್ಪತ್ತು ನಿಮಿಷದಲ್ಲಿ ಮುಗಿಸಿದಳು. ಕೀಲಿಮಣೆಯಿಂದ ಈ ಕೆಲಸಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ಬೆಂಜೀನ್ ಉಂಗುರ, ಮಸೂರದ ಕಿರಣಚಿತ್ರ, ಸಮಾಕಲನದ ಹತ್ತು ಸಾಲಿನ ಸಾಧನೆ, ಇವನ್ನು ಟೈಪ್ ಮಾಡಿ ನೋಡಿದವರಿಗೇ ಅದರ ಕಷ್ಟ ಗೊತ್ತು. ವಿಜ್ಞಾನ, ಗಣಿತ, ಚಿತ್ರಕಲೆ, ಇಂಜಿನಿಯರಿಂಗ್ ಓದುವವರಿಗೆ ಈ ಅನುಕೂಲ ಚಿಕ್ಕದಲ್ಲ. ಪ್ರಬಂಧ, ಲೆಕ್ಕಪತ್ರಗಳಲ್ಲೇ ದಿನ ಕಳೆಯುವ ಕಲಾ, ವಾಣಿಜ್ಯ ವಿದ್ಯಾರ್ಥಿಗಳಿಗೆ ಪೆನ್ನು ಮೊದಲ ವಾರದ ಆಟಿಕೆಯಾಗಿ ಉಳಿದುಬಿಡುತ್ತದೆ.

ಪೆನ್ನುಗಳಲ್ಲಿಯೂ ಭೇದವಿದೆ. ನೂರು ಇನ್ನೂರು ರೂಪಾಯಿಗೆ ಸಿಗುವ ದಪ್ಪ ರಬ್ಬರ್ ಮೊನೆಯದನ್ನು ಪರದೆ ಬೆರಳೆಂದೇ ತಿಳಿಯುತ್ತದೆ. ಬರೆಯುವಾಗ ಅಂಗೈ ತಾಗಿದರೆ ಅದೂ ಗೀಟು. ಇನ್ನೊಂದು ಬಗೆಯದು ಪರದೆಯೊಡನೆ ವಿದ್ಯುತ್ ಸಂಕೇತದಿಂದ ಮಾತನಾಡುವ ಪೆನ್ನು. ಅದರ ಮೊನೆ ಸಣ್ಣದು, ಒತ್ತಡಕ್ಕೆ ತಕ್ಕಂತೆ ಗೆರೆ ದಪ್ಪವಾಗುತ್ತದೆ. ಪೆನ್ನು ಹತ್ತಿರ ಬಂದೊಡನೆ ಯಂತ್ರ ಅಂಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸ್ಪರ್ಶದ ಪರದೆ ಇದ್ದ ಮಾತ್ರಕ್ಕೆ ಈ ಎರಡನೆಯ ಪೆನ್ನು ನಡೆಯುತ್ತದೆಂದು ತಿಳಿಯಬೇಡಿ. ಪೆಟ್ಟಿಗೆಯಲ್ಲಿ ಪೆನ್ನು ಬರುತ್ತದೆಯೇ, ಬೇರೆ ಕೊಳ್ಳಬೇಕೇ, ಬೆಲೆಯೆಷ್ಟು, ಎಲ್ಲವನ್ನೂ ಕೇಳಿ. ಪರೀಕ್ಷೆಗೆ ನಮ್ಮ ಭಾಷೆಯಲ್ಲೇ ಒಳ್ಳೆಯ ಪದವಿದೆ: ‘ಸ್ವಾತಂತ್ರ್ಯ’. ಮಾಮೂಲಿ ವೇಗದಲ್ಲಿ, ಮಾಮೂಲಿ ಗಾತ್ರದಲ್ಲಿ ಬರೆಯಿರಿ. ‘ತ್ರ್ಯ’ದ ಎರಡು ಒತ್ತುಗಳು ಬೇರೆ ಬೇರೆಯಾಗಿ ಮೂಡಿದರೆ ಪೆನ್ನು ತೇರ್ಗಡೆ. ಗೆರೆ ಮೊನೆಗಿಂತ ಹಿಂದುಳಿದು ಎಳೆದುಕೊಂಡು ಬರುತ್ತಿದ್ದರೆ ನಪಾಸು.

ಗಾಜಿನ ಮೇಲೆ ಬರೆದಾಗ ಅಕ್ಷರ ಜಾರುತ್ತದೆ ಎಂಬ ದೂರು ಎಲ್ಲರದೂ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕಡೆದದ್ದು ಬಳಪದ ಕಲ್ಲಿನಲ್ಲಿ. ನಿಮ್ಮ ಅಜ್ಜಂದಿರ ಸ್ಲೇಟಿನ ಬಳಪವೂ ಅದೇ ಜಾತಿಯ ಮೆದು ಕಲ್ಲು. ಸ್ಲೇಟಿನ ಮೇಲೆ ಅದು ಸವೆಯುತ್ತ ಹೋಗುವ ಘರ್ಷಣೆಯೇ ಕೈಗೆ ಹಿಡಿತ ಕೊಡುತ್ತಿತ್ತು. ಗಾಜಿನ ಮೇಲೆ ಒರಟು ಹಾಳೆಯೊಂದನ್ನು ಅಂಟಿಸಿದರೆ ಸ್ವಲ್ಪ ಹಿಡಿತ ಬರುತ್ತದೆ, ಬಿಸಿಲಿನ ಪ್ರತಿಫಲನವೂ ತಗ್ಗುತ್ತದೆ.

ಇನ್ನು ಕೀಲಿಮಣೆಯಿಂದ ಕನ್ನಡ. ಕೆ.ಪಿ. ರಾವ್ ಅವರು ರೂಪಿಸಿದ, ಉಚ್ಚಾರಣೆಯನ್ನು ಅನುಸರಿಸುವ ವಿನ್ಯಾಸವನ್ನು ನುಡಿ ತಂತ್ರಾಂಶ ಬಳಸಿದವರು ಬಲ್ಲರು. ಇದರಲ್ಲಿ ಮಡಚುವ ಯಂತ್ರಕ್ಕೂ ಸಾಮಾನ್ಯ ಯಂತ್ರಕ್ಕೂ ವ್ಯತ್ಯಾಸವಿಲ್ಲ. ಆದರೆ ಸ್ಲೇಟಿನ ಭಂಗಿಯಲ್ಲಿ ಪರದೆಯ ಮೇಲೇ ಮೂಡುವ ಕೀಲಿಮಣೆ ಅರ್ಧ ಪುಟವನ್ನು ನುಂಗುತ್ತದೆ. ನಾಲ್ಕು ಸಾಲಿಗಿಂತ ಹೆಚ್ಚು ಬರೆಯಬೇಕಾದರೆ ಮಡಿಕೆ ಬಿಚ್ಚುವುದೇ ವಾಸಿ.

ಈಗ ಹೊರಗೆ ಕಾಣದ ಭಾಗ. ಕಳೆದದ್ದು ಇಲ್ಲಿದೆ.

ಪೆಟ್ಟಿಗೆಯ ಮೇಲೆ 64 ಜಿಬಿ ಎಂದಿರುತ್ತದೆ. ತಯಾರಕರ ಜಿಬಿ ನೂರು ಕೋಟಿ ಬೈಟು. ವಿಂಡೋಸ್ ತೋರಿಸುವ ಲೆಕ್ಕದಲ್ಲಿ ಒಂದು ಜಿಬಿ ಎಂದರೆ ಎರಡರ ಮೂವತ್ತನೆಯ ಘಾತ, ಸುಮಾರು 107 ಕೋಟಿ. ಭಾಗಿಸಿ ನೋಡಿ, 59.6 ಮಾತ್ರ. ಅದರಲ್ಲಿ ಸುಮಾರು ಅರ್ಧವನ್ನು ಕಾರ್ಯಾಚರಣ ವ್ಯವಸ್ಥೆ ಮತ್ತು ತಯಾರಕರು ತುಂಬಿದ ಸಾಮಗ್ರಿಗಳೇ ಹಿಡಿಯುತ್ತವೆ. ವ್ಯವಸ್ಥೆಯ ದೊಡ್ಡ ಪರಿಷ್ಕರಣೆ ಬಂದಾಗ ಇನ್ನೂ ಹತ್ತು ಇಪ್ಪತ್ತು ಜಿಬಿ ಖಾಲಿ ಜಾಗ ಬೇಕು. ಉಳಿದದ್ದರಲ್ಲಿ ನಿಮ್ಮ ಪಾಠಗಳು, ವಿಡಿಯೋಗಳು. ಮೊದಲ ವರ್ಷ ಮುಗಿಯುವಷ್ಟರಲ್ಲಿ ಕಣಜ ತುಂಬಿಹೋಗುತ್ತದೆ. ಬೇರೆಯದು ಹಾಕಿಸೋಣವೆಂದರೆ ಈ ಇಎಂಎಂಸಿ ಎಂಬ ಬಗೆಯ ಸಂಗ್ರಹವನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿರುತ್ತಾರೆ. ವೇಗದಲ್ಲಿಯೂ ಇದು ಸಾಮಾನ್ಯ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಗಿಂತ ಹಿಂದೆ. ಸ್ಮೃತಿಯೂ ಅಷ್ಟೇ: 4 ಜಿಬಿ, ಅದೂ ಬೆಸುಗೆ ಹಾಕಿದ್ದು.

ವಿಂಡೋಸ್ 11ಕ್ಕೆ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಸಾಕೆಂದು ಅದರ ತಯಾರಕರೇ ಹೇಳಿದ್ದಾರಲ್ಲ ಎಂದು ಅಂಗಡಿಯವರು ವಾದಿಸಬಹುದು. ನಿಜ, ಅದು ಕನಿಷ್ಠ ಅರ್ಹತೆ. ಕನಿಷ್ಠ ಅಂಕಕ್ಕೆ ಪಾಸು ಎಂದ ಹಾಗೆ. ನಮ್ಮ ಯಂತ್ರದಲ್ಲಿ ಒಂದು ವಿಡಿಯೋ ಪಾಠ, ಜೊತೆಗೊಂದು ಪಿಡಿಎಫ್, ಬ್ರೌಸರಿನಲ್ಲಿ ಏಳೆಂಟು ಪುಟ ತೆರೆದೆವು. ಪೆನ್ನಿನ ಗೆರೆ ನಿಂತು ನಿಂತು ಬರತೊಡಗಿತು. ನಕ್ಷತ್ರ ಬಿಡಿಸುವಾಗ ಚುರುಕಾಗಿದ್ದ ಪೆನ್ನೇ ಅದು. ಬೇರೆ ಕೆಲಸಗಳನ್ನೆಲ್ಲ ಮುಚ್ಚಿದ್ದೆವು, ಅಷ್ಟೇ ವ್ಯತ್ಯಾಸ. ಕೀಲಿಗೂ ಗಾಜಿಗೂ ಹೋದ ಹಣ ಇಲ್ಲಿಂದ ಬಂದದ್ದು.

ವಿದ್ಯುತ್ಕೋಶದ ಮಟ್ಟಿಗೆ ಯಂತ್ರಕ್ಕೆ ಒಳ್ಳೆಯ ಅಂಕ ಕೊಡಬೇಕು. ಈ ಸಣ್ಣ ಸಂಸ್ಕಾರಕಗಳನ್ನು ಸುಮಾರು 6 ವ್ಯಾಟ್ ಶಾಖದ ಮಿತಿಯೊಳಗೆ ಕೆಲಸ ಮಾಡುವಂತೆ ರೂಪಿಸಿರುತ್ತಾರೆ. ಅನೇಕವಕ್ಕೆ ಫ್ಯಾನೂ ಬೇಡ. ಕೋಶದ ಮೇಲೆ 38 ವ್ಯಾಟ್-ಗಂಟೆ ಎಂದಿದ್ದು ಇಡೀ ಯಂತ್ರ ಸರಾಸರಿ 7 ವ್ಯಾಟ್ ಎಳೆದರೆ ಐದೂವರೆ ಗಂಟೆಯಾಯಿತು. ನಮಗೆ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಕರೆಂಟು ಹೋಗಿ ಬರುವ ಊರಿನಲ್ಲಿ ಇದು ದೊಡ್ಡ ಅನುಕೂಲ. ಮೂರು ನಾಲ್ಕು ನೂರು ಬಾರಿ ತುಂಬಿ ಬರಿದಾದ ಮೇಲೆ ಕೋಶ ಕ್ಷೀಣಿಸುತ್ತದೆ, ಅದು ಎಲ್ಲ ಯಂತ್ರಗಳಿಗೂ ಇರುವುದೇ.

ಇಷ್ಟರ ಮೇಲೆ ಮಾಲೇಕಲ್ಲಿನ ಪ್ರಶ್ನೆಗೆ ಉತ್ತರ. 4 ಜಿಬಿ, 64 ಜಿಬಿಯ ವಿಂಡೋಸ್ ಟೂ-ಇನ್-ಒನ್ ಬೇಡ. ಇಪ್ಪತ್ತೆಂಟು ಇರಲಿ, ಹದಿನೆಂಟು ಸಾವಿರಕ್ಕೆ ಕೊಟ್ಟರೂ ಮೂರು ವರ್ಷದ ಓದಿಗೆ ಅದು ಸಾಲದು. ಮಡಚುವುದೇ ಬೇಕೆಂದರೆ 8 ಜಿಬಿ ಸ್ಮೃತಿ, ಕನಿಷ್ಠ 128 ಜಿಬಿ, ಸಾಧ್ಯವಾದರೆ ಬದಲಾಯಿಸಬಹುದಾದ ಎಸ್‌ಎಸ್‌ಡಿ, 2023ರಿಂದ ಬಂದ ಎನ್100ರಂಥ ನಾಲ್ಕು ಕೋರ್‌ಗಳ ಸಂಸ್ಕಾರಕ, ನಿಜವಾದ ಪೆನ್ನು, ಇಷ್ಟಿರುವುದನ್ನು ಹುಡುಕಬೇಕು. ಕೈಯಲ್ಲಿರುವ ಹಣಕ್ಕೆ ಹೊಸದು ಸಿಗುವುದು ಕಷ್ಟ. ಕಚೇರಿಗಳಲ್ಲಿ ಬಳಸಿ ನವೀಕರಿಸಿದ ಗಟ್ಟಿ ಯಂತ್ರಗಳು ಸಿಗುತ್ತವೆ. ಅವನ್ನು ಕೊಳ್ಳುವಾಗ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸ ಸಂಸ್ಕಾರಕವೇ ಎಂದು ನೋಡಿ. ಅದಕ್ಕಿಂತ ಹಳೆಯವಕ್ಕೆ ವಿಂಡೋಸ್ 11ರ ಮನ್ನಣೆ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕ್ರೋಮ್‌ಬುಕ್ ಎಂಬ ಇನ್ನೊಂದು ಬಗೆಯುಂಟು. ಅದರ ವ್ಯವಸ್ಥೆ ಹಗುರ; 4 ಜಿಬಿಯಲ್ಲೂ ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ವಿಂಡೋಸಿಗೆಂದು ಬರೆದ ತಂತ್ರಾಂಶಗಳು ಅದರಲ್ಲಿ ಓಡುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಏನು ಬಳಸುತ್ತಾರೆಂದು ಅಧ್ಯಾಪಕರನ್ನು ಮೊದಲು ಕೇಳಿ. ಅದರ ಹತ್ತು ವರ್ಷದ ಪರಿಷ್ಕರಣೆಯ ಭರವಸೆಯೂ ಆ ಯಂತ್ರದ ತಾಂತ್ರಿಕ ವೇದಿಕೆ ಬಿಡುಗಡೆಯಾದ ದಿನದಿಂದ ಎಣಿಕೆಯಾಗುತ್ತದೆ, ನೀವು ಕೊಂಡ ದಿನದಿಂದಲ್ಲ.

ವಿಚಾರಿಸಿದಾಗ ತಿಳಿದ ಇನ್ನೊಂದು ಸಂಗತಿ ಲೆಕ್ಕವನ್ನು ಬದಲಿಸಿತು. ಸರ್ಕಾರಿ ಪದವಿ, ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರ 2021ರಲ್ಲಿ ಟ್ಯಾಬ್ಲೆಟ್ ಹಂಚಿತ್ತು. ಅವಳ ಅಕ್ಕನಿಗೆ ಆಗ ಸಿಕ್ಕಿದ್ದು ಮನೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಮಲಗಿ ಓದಲು, ಪಾಠದ ವಿಡಿಯೋ ನೋಡಲು ಅದೇ ಸಾಕು. ಹಾಗಿರುವಾಗ ಎರಡನೆಯ ಸ್ಲೇಟಿಗೆ ಹಣ ಹಾಕುವುದೇಕೆ? 8 ಜಿಬಿಯ ಸಾಮಾನ್ಯ ಲ್ಯಾಪ್‌ಟಾಪ್ ಕೊಂಡು, ಸಾಧನೆಗಳನ್ನು ಹಾಳೆಯ ಮೇಲೆ ಬರೆದು ಫೋನಿನಲ್ಲಿ ಚಿತ್ರ ತೆಗೆದು ಸೇರಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ. ಅವಳಿಗೆ ಅದು ಪೂರ್ತಿ ಹಿಡಿಸಲಿಲ್ಲ. ನಕ್ಷತ್ರ ಬಿಡಿಸಿದ ಮೇಲೆ ಹಿಡಿಸದಿರುವುದು ಸಹಜವೇ. ನವೀಕರಿಸಿದ ಟೂ-ಇನ್-ಒನ್ ಒಂದನ್ನು ಹಾಸನದಲ್ಲಿ ನೋಡಿ ಬರುತ್ತೇವೆ ಎಂದರು ಅವಳ ತಂದೆ.

ನೋಡಲು ಹೋಗುವವರಿಗೆಲ್ಲ ಎರಡು ಮಾತು. ಸ್ಪರ್ಶದ ಗಾಜು ಒಡೆದರೆ ಅನೇಕ ವೇಳೆ ಪರದೆಯನ್ನೂ ಸೇರಿಸಿಯೇ ಬದಲಾಯಿಸಬೇಕಾಗುತ್ತದೆ. ಅದರ ಖರ್ಚು ಎಷ್ಟೆಂದು ಕೊಳ್ಳುವ ಮೊದಲೇ ಸೇವಾ ಕೇಂದ್ರಕ್ಕೆ ಫೋನ್ ಮಾಡಿ ಕೇಳಿ. ಆ ಕೇಂದ್ರ ಹಾಸನದಲ್ಲಿದೆಯೇ, ಬೆಂಗಳೂರಿನ ರೈಲು ಹತ್ತಬೇಕೇ ಎಂಬುದನ್ನೂ ಕೇಳಿ. ಬಿಲ್ಲಿನಲ್ಲಿ ಬರಿಯ ‘ಲ್ಯಾಪ್‌ಟಾಪ್ ಒಂದು’ ಎಂದಿರಬಾರದು. ಮಾದರಿಯ ಪೂರ್ಣ ಸಂಖ್ಯೆ, ಸ್ಮೃತಿ, ಸಂಗ್ರಹದ ಬಗೆ, ಕ್ರಮಾಂಕ, ಪೆನ್ನು ಕೊಟ್ಟಿದ್ದರೆ ಅದರ ಹೆಸರು ಕೂಡ ನಮೂದಾಗಲಿ. ವಿದ್ಯುತ್ಕೋಶದ ಖಾತರಿಯ ಅವಧಿ ಬೇರೆಯೇ ಇರಬಹುದು, ಅದನ್ನೂ ಬರೆಯಿಸಿಕೊಳ್ಳಿ.